ಶೇಕಡಾ ಒಂದು ಅಂದರೆ ಸೊನ್ನೆ ಅಲ್ಲ

ಬೆಳಿಗ್ಗೆ ಮನೆಗೆ ಬರುವ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟನ್ನು ಒಮ್ಮೆ ಅಂಗೈ ಮೇಲಿಟ್ಟು ನೋಡಿ. ತೂಕ ಐನೂರು ಗ್ರಾಂಗಿಂತ ಚೂರು ಜಾಸ್ತಿ ಇರುತ್ತದೆ. 2020ರ ಜುಲೈ 5ರಂದು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಒಂದು ಗಂಡುಮಗು ಅದಕ್ಕಿಂತ ಹಗುರವಾಗಿತ್ತು. ಬರೀ 420 ಗ್ರಾಂ. ಹೆಸರು ಕರ್ಟಿಸ್ ಮೀನ್ಸ್.

ತಾಯಿಯ ಹೊಟ್ಟೆಯಲ್ಲಿ ಮಗು ಇರಬೇಕಾದದ್ದು ಸುಮಾರು 40 ವಾರ, ಅಂದರೆ 280 ದಿನ. ಕರ್ಟಿಸ್ ಹೊರಬಂದದ್ದು 21 ವಾರ 1 ದಿನಕ್ಕೆ. 148 ದಿನ ಮಾತ್ರ ಒಳಗಿದ್ದ, 132 ದಿನ ಮೊದಲೇ ಬಂದಿದ್ದ. ನಮ್ಮ ಕಡೆ ಬಸುರಿಗೆ ಐದು ತಿಂಗಳು ತುಂಬಿದಾಗ ಇನ್ನೂ ಸೀಮಂತದ ಮಾತೂ ಎತ್ತಿರುವುದಿಲ್ಲ. ಅಷ್ಟರಲ್ಲೇ ಈ ಮಗು ಹುಟ್ಟಿಬಿಟ್ಟಿತ್ತು.

ಇಷ್ಟು ಬೇಗ ಹುಟ್ಟಿದ ಮಗು ಬದುಕುವ ಸಾಧ್ಯತೆ ಎಷ್ಟು? ಶೇ 1ಕ್ಕಿಂತಲೂ ಕಡಿಮೆ ಎಂಬುದೇ ಆಗಿನ ಲೆಕ್ಕ. ಕರ್ಟಿಸ್ ಬದುಕಿದ. ಮರುವರ್ಷ ಮೊದಲ ಹುಟ್ಟುಹಬ್ಬ ಮಾಡಿಕೊಂಡ. ಅತಿ ಬೇಗ ಹುಟ್ಟಿ ಬದುಕುಳಿದ ಮಗು ಎಂದು 2021ರ ನವೆಂಬರ್‌ನಲ್ಲಿ ಗಿನ್ನೆಸ್ ದಾಖಲೆಯಲ್ಲೂ ಸೇರಿದ.

ಇಂಥ ಸುದ್ದಿಯನ್ನು ನಾವು ‘ಪವಾಡ’ ಅಂತ ಓದಿ, ಒಂದು ಕೈಮುಗಿಯುವ ಇಮೋಜಿ ಹಾಕಿ, ಮುಂದಿನ ರೀಲ್‌ಗೆ ಹೋಗುತ್ತೇವೆ. ನನಗೆ ಹಾಗೆ ಹೋಗಲು ಆಗಲಿಲ್ಲ. ಒಂದು ಕಾರಣ, ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದು ಎಲ್ಲಿಂದ ಬಂತು ಅಂತ ಕೇಳುವುದು ಅಭ್ಯಾಸವಾಗಿದೆ. ಇನ್ನೊಂದು ಕಾರಣವನ್ನು ಆಮೇಲೆ ಹೇಳುತ್ತೇನೆ.

ಒಂದು ಅವಕಾಶ ಕೊಡಿ

ಕರ್ಟಿಸ್‌ನ ತಾಯಿ ಮಿಷೆಲ್ ಬಟ್ಲರ್. ಹೊಟ್ಟೆಯಲ್ಲಿದ್ದದ್ದು ಅವಳಿ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಅದೂ ಕೋವಿಡ್ ಕಾಲ. ದಿನ ತುಂಬುವ ಎಷ್ಟೋ ಮೊದಲೇ ಹೆರಿಗೆಯ ಲಕ್ಷಣ ಕಾಣಿಸಿಕೊಂಡಿತು. ಹತ್ತಿರದ ಆಸ್ಪತ್ರೆಗೆ ಹೋದರೆ ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅದು ಅಲಬಾಮಾ ವಿಶ್ವವಿದ್ಯಾಲಯದ ಆಸ್ಪತ್ರೆ. ಮರುದಿನ ಮಧ್ಯಾಹ್ನ ಎರಡೂ ಮಕ್ಕಳು ಹುಟ್ಟಿದವು.

ಇಷ್ಟು ಎಳೆಯ ಮಕ್ಕಳು ಹುಟ್ಟಿದಾಗ ಯಂತ್ರಕ್ಕೆ ಹಾಕಿ ನೋಯಿಸದೆ ತಾಯಿಯ ತೋಳಲ್ಲಿ ಬೆಚ್ಚಗೆ ಇಟ್ಟು ಬೀಳ್ಕೊಡಿ ಅಂತಲೇ ವೈದ್ಯರು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಅದು ಕ್ರೌರ್ಯವಲ್ಲ, ಕರುಣೆಯೇ. ಆದರೆ ಮಿಷೆಲ್ ಕೇಳಿಕೊಂಡದ್ದು ಬೇರೆ: ನನ್ನ ಮಕ್ಕಳಿಗೆ ಒಂದು ಅವಕಾಶ ಕೊಡಿ. ನವಜಾತ ಶಿಶು ತಜ್ಞ ಡಾ. ಬ್ರಯಾನ್ ಸಿಮ್ಸ್ ಅವರ ತಂಡ ಒಪ್ಪಿಕೊಂಡು ಕೆಲಸಕ್ಕಿಳಿಯಿತು.

ಹೆಣ್ಣುಮಗು ಸಿ'ಏಷ್ಯಾ ಚಿಕಿತ್ಸೆಗೆ ಸ್ಪಂದಿಸಲಿಲ್ಲ. ಮರುದಿನ ತೀರಿಕೊಂಡಳು. ಕರ್ಟಿಸ್‌ಗೆ ಆಮ್ಲಜನಕ ಕೊಟ್ಟಾಗ ಎದೆಬಡಿತ ಏರಿತು. ಸುಮಾರು ಮೂರು ತಿಂಗಳು ವೆಂಟಿಲೇಟರ್. ಒಟ್ಟು 275 ದಿನ ಆಸ್ಪತ್ರೆ. ಹೊಟ್ಟೆಯೊಳಗೆ ಇದ್ದದ್ದು 148 ದಿನ, ಆಸ್ಪತ್ರೆಯಲ್ಲಿ ಇದ್ದದ್ದು ಹತ್ತಿರ ಹತ್ತಿರ ಅದರ ಎರಡರಷ್ಟು. 2021ರ ಏಪ್ರಿಲ್ 6ಕ್ಕೆ ಮನೆಗೆ ಹೋದಾಗಲೂ ಆಮ್ಲಜನಕದ ವ್ಯವಸ್ಥೆ ಮತ್ತು ಆಹಾರದ ನಳಿಗೆ ಜೊತೆಯಲ್ಲೇ ಇದ್ದವು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕರ್ಟಿಸ್ ಹುಟ್ಟುವ ಸರಿಯಾಗಿ ಒಂದು ತಿಂಗಳ ಮೊದಲು, ಜೂನ್ 5ರಂದು, ಮಿನಿಯಾಪೊಲಿಸ್‌ನಲ್ಲಿ ರಿಚರ್ಡ್ ಹಚಿನ್‌ಸನ್ ಎಂಬ ಮಗು 21 ವಾರ 2 ದಿನಕ್ಕೆ ಹುಟ್ಟಿತ್ತು. ತೂಕ 337 ಗ್ರಾಂ. ಅವನ ತಂದೆ-ತಾಯಿಗೆ ಹೇಳಿದ್ದ ಸಾಧ್ಯತೆ ಶೂನ್ಯ. ಅವನೂ ಬದುಕಿದ. ಅದಕ್ಕೂ ಮೊದಲಿನ ದಾಖಲೆ 1987ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿದ್ದ ಜೇಮ್ಸ್ ಗಿಲ್ ಹೆಸರಿನಲ್ಲಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ಅಲುಗಾಡದ ದಾಖಲೆಯನ್ನು ಒಂದು ತಿಂಗಳ ಅಂತರದಲ್ಲಿ ಹುಟ್ಟಿದ ಇಬ್ಬರು ಮಕ್ಕಳು ಮುರಿದರು. ಮುಂದೆ 2024ರ ಜುಲೈ 5ರಂದು, ಕರ್ಟಿಸ್‌ನ ಹುಟ್ಟುಹಬ್ಬದ ದಿನವೇ, ಅಯೋವಾ ರಾಜ್ಯದಲ್ಲಿ ನ್ಯಾಶ್ ಕೀನ್ ಹುಟ್ಟಿದ. ಸರಿಯಾಗಿ 21 ವಾರ, ಸುಮಾರು 285 ಗ್ರಾಂ. ಈಗ ದಾಖಲೆ ಅವನದು.

ಪವಾಡ ಒಮ್ಮೆ ನಡೆದರೆ ಪವಾಡ. ನಾಲ್ಕು ವರ್ಷದಲ್ಲಿ ಮೂರು ಸಲ ನಡೆದರೆ, ಹಿಂದೆ ಏನೋ ಬದಲಾಗಿದೆ ಅಂತಲೇ ಅರ್ಥ.

ಗುಣಾಕಾರ ಮಾಡಿ ನೋಡಿ

ಏನು ಬದಲಾಗಿದೆ? ನನಗೆ ಇದರ ಸುಳಿವು ಸಿಕ್ಕಿದ್ದು 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ. ಅಮೆರಿಕದ 24 ಆಸ್ಪತ್ರೆಗಳಲ್ಲಿ 27 ವಾರ ತುಂಬುವ ಮೊದಲೇ ಹುಟ್ಟಿದ ಸುಮಾರು ಐದು ಸಾವಿರ ಮಕ್ಕಳ ಲೆಕ್ಕ ಅದರಲ್ಲಿದೆ. 22ನೇ ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ ಬದುಕಿದ್ದು ಶೇ 5.1.

ಇಲ್ಲಿಗೆ ನಿಲ್ಲಿಸಿದರೆ ‘ನೂರಕ್ಕೆ ಐದು, ಪ್ರಯತ್ನ ಪಟ್ಟೂ ಏನು ಪ್ರಯೋಜನ’ ಅನ್ನಿಸುತ್ತದೆ. ಆದರೆ ಅದೇ ಅಧ್ಯಯನ ಇನ್ನೊಂದು ಅಂಕಿ ಕೊಡುತ್ತದೆ. ಆ ಮಕ್ಕಳಲ್ಲಿ ಜೀವ ಉಳಿಸುವ ಚಿಕಿತ್ಸೆ ಸಿಕ್ಕಿದ್ದೇ ಶೇ 22.1ರಷ್ಟು ಮಕ್ಕಳಿಗೆ. ಚಿಕಿತ್ಸೆ ಸಿಕ್ಕವರಲ್ಲಿ ಬದುಕಿದ್ದು ಶೇ 23.1. ಕ್ಯಾಲ್ಕುಲೇಟರ್ ತೆಗೆದು 22.1ನ್ನು 23.1ರಿಂದ ಗುಣಿಸಿ ನೂರರಿಂದ ಭಾಗಿಸಿ. ಬರುವುದು 5.1.

ಅಂದರೆ ‘ನೂರಕ್ಕೆ ಐದು’ ಎನ್ನುವ ಲೆಕ್ಕದ ಒಳಗೆ ಚಿಕಿತ್ಸೆಯನ್ನೇ ಶುರು ಮಾಡದ ಮಕ್ಕಳೂ ಸೇರಿದ್ದಾರೆ. ಕೆಲವು ಆಸ್ಪತ್ರೆಗಳು ಈ ವಾರದ ಎಲ್ಲ ಮಕ್ಕಳಿಗೂ ಚಿಕಿತ್ಸೆ ಕೊಟ್ಟಿದ್ದವು, ಕೆಲವು ಬಹುತೇಕ ಯಾರಿಗೂ ಕೊಟ್ಟಿರಲಿಲ್ಲ. ಹಾಗಂತ ಎಲ್ಲರಿಗೂ ಕೊಟ್ಟಿದ್ದರೆ ನೂರಕ್ಕೆ 23 ಮಕ್ಕಳು ಉಳಿಯುತ್ತಿದ್ದರು ಎಂದು ನೇರವಾಗಿ ಹೇಳುವಂತಿಲ್ಲ. ತುಸು ಗಟ್ಟಿಯಾಗಿ ಕಂಡ ಮಕ್ಕಳಿಗೇ ಚಿಕಿತ್ಸೆ ಸಿಕ್ಕಿರಬಹುದು. ಆದರೂ ಒಂದು ಮಾತು ಸ್ಪಷ್ಟ. ಐದು ಎಂಬ ಸಂಖ್ಯೆ ಮಗುವಿನ ಹಣೆಬರಹವನ್ನಷ್ಟೇ ಹೇಳುತ್ತಿಲ್ಲ, ನಮ್ಮ ನಿರ್ಧಾರವನ್ನೂ ಹೇಳುತ್ತಿದೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಫೀಡ್‌ಬ್ಯಾಕ್ ಲೂಪ್ ಅಂತ ತಕ್ಷಣ ಹೊಳೆಯುತ್ತದೆ. ಬದುಕುವುದಿಲ್ಲ ಎಂಬ ನಂಬಿಕೆ ಇದೆ, ಆದ್ದರಿಂದ ಪ್ರಯತ್ನ ಇಲ್ಲ. ಪ್ರಯತ್ನ ಇಲ್ಲ, ಆದ್ದರಿಂದ ಬದುಕುವುದಿಲ್ಲ. ಮುಂದಿನ ವರ್ಷದ ಅಂಕಿ-ಅಂಶ ಅದನ್ನೇ ಸಾಬೀತು ಮಾಡುತ್ತದೆ. ಔಟ್‌ಪುಟ್ ಮತ್ತೆ ಇನ್‌ಪುಟ್ ಆಗುತ್ತದೆ. ಯಾರೋ ಒಬ್ಬರು ‘ಒಂದು ಅವಕಾಶ ಕೊಡಿ’ ಅಂದಾಗ ಮಾತ್ರ ಆ ಲೂಪ್ ತುಂಡಾಗುತ್ತದೆ.

ಸಾಯಬೇಕಿದ್ದ ಕುರಿಮರಿ

ಆದರೆ ಅವಕಾಶ ಕೊಡಬೇಕು ಅಂದರೆ ಕೈಯಲ್ಲಿ ಸಾಧನ ಇರಬೇಕು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲು ಹುಟ್ಟಿದ. ತೂಕ ಎರಡು ಕೆ.ಜಿ.ಗಿಂತ ಹೆಚ್ಚೇ ಇತ್ತು. ಕರ್ಟಿಸ್‌ಗೆ ಹೋಲಿಸಿದರೆ ಐದು ಪಟ್ಟು. ಜಗತ್ತಿನ ಅತ್ಯಂತ ಪ್ರಭಾವಿ ಮನುಷ್ಯನ ಮಗ. ಆದರೂ 39 ಗಂಟೆಯಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡ. ಇವತ್ತು ಸುಸಜ್ಜಿತ ಆಸ್ಪತ್ರೆಯಲ್ಲಿ ಅಂಥ ಮಕ್ಕಳಲ್ಲಿ ಬಹುಪಾಲು ಆರಾಮಾಗಿ ಮನೆಗೆ ಹೋಗುತ್ತವೆ.

ಪ್ಯಾಟ್ರಿಕ್‌ಗೆ ಇದ್ದ ತೊಂದರೆ ನಾವು ಪಿಯುಸಿಯಲ್ಲಿ ಓದಿದ ಸೋಪಿನ ಗುಳ್ಳೆಯ ಲೆಕ್ಕ. ಗುಳ್ಳೆ ಚಿಕ್ಕದಾದಷ್ಟೂ ಅದನ್ನು ಕುಗ್ಗಿಸುವ ಒತ್ತಡ ಹೆಚ್ಚು. ಶ್ವಾಸಕೋಶದೊಳಗಿನ ಗಾಳಿಚೀಲಗಳು ಅಂಥ ಪುಟ್ಟ ಗುಳ್ಳೆಗಳು. ಅವು ಮುಚ್ಚಿಕೊಳ್ಳದಂತೆ ಸರ್ಫೇಸ್ ಟೆನ್ಶನ್ ತಗ್ಗಿಸಲು ದೇಹ ‘ಸರ್ಫ್ಯಾಕ್ಟಂಟ್’ ಎಂಬ ಜಾರು ಪದಾರ್ಥ ತಯಾರಿಸುತ್ತದೆ. ದಿನ ತುಂಬದ ಮಕ್ಕಳಲ್ಲಿ ಅದು ಸಾಕಷ್ಟು ಇರುವುದಿಲ್ಲ. ಹಾಗಾಗಿ ಪ್ರತಿ ಉಸಿರೂ ಹೊಸ ಬಲೂನನ್ನು ಮೊದಲ ಸಲ ಊದುವಷ್ಟು ಕಷ್ಟ. ಇದನ್ನು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿಕೊಟ್ಟಿದ್ದರು. ಕಾರಣ ಗೊತ್ತಿತ್ತು, ಮದ್ದು ಇರಲಿಲ್ಲ.

ಮದ್ದು ಸಿಕ್ಕಿದ ಕತೆಯೇ ಮಜವಾಗಿದೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರು ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎಂದು ತಿಳಿಯಲು ಗಬ್ಬದ ಕುರಿಗಳ ಮೇಲೆ ಸ್ಟಿರಾಯ್ಡ್ ಪ್ರಯೋಗ ಮಾಡುತ್ತಿದ್ದರು. ಅಕಾಲದಲ್ಲಿ ಹುಟ್ಟಿದ್ದ ಒಂದು ಕುರಿಮರಿ, ಲೆಕ್ಕದ ಪ್ರಕಾರ ಸತ್ತಿರಬೇಕಾದದ್ದು, ಇನ್ನೂ ಉಸಿರಾಡುತ್ತಿತ್ತು. ಲಿಗಿನ್ಸ್ ಅದನ್ನು ‘ಏನೋ ಆಕಸ್ಮಿಕ’ ಅಂತ ಬಿಡಲಿಲ್ಲ. ಸ್ಟಿರಾಯ್ಡ್ ಶ್ವಾಸಕೋಶವನ್ನು ಬೇಗ ಮಾಗಿಸಿದೆಯೇ ಎಂದು ಕೇಳಿಕೊಂಡರು. ರಾಸ್ ಹೋವಿ ಜೊತೆ ಸೇರಿ 282 ತಾಯಂದಿರ ಮೇಲೆ ಪರೀಕ್ಷೆ ಮಾಡಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವಧಿಗೆ ಮೊದಲೇ ಹೆರಿಗೆ ಆಗಬಹುದು ಅನ್ನಿಸಿದ ತಾಯಿಗೆ ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಡುವ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಹಿಂದೆ ಆ ಕುರಿಮರಿ ಇದೆ. ಅದೇನೂ ದುಬಾರಿ ಔಷಧವಲ್ಲ.

ಆಮೇಲೆ ಒಂದೊಂದೇ ಮೆಟ್ಟಿಲು. 1971ರಲ್ಲಿ ಜಾರ್ಜ್ ಗ್ರೆಗರಿ, ಗಾಳಿಚೀಲ ಮುಚ್ಚದಂತೆ ನಿರಂತರ ಒತ್ತಡದಲ್ಲಿ ಗಾಳಿ ಕೊಡುವ ಸಿ-ಪ್ಯಾಪ್ ವಿಧಾನ ತಂದರು. ಅದರ ಒಂದು ಸರಳ ರೂಪದಲ್ಲಿ ನಳಿಗೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಐದು ಸೆಂಟಿಮೀಟರ್ ಮುಳುಗಿಸಿದರೆ ಐದು ಸೆಂಟಿಮೀಟರ್ ನೀರಿನ ಒತ್ತಡ ಸಿಗುತ್ತದೆ. ಅಷ್ಟೇ ಮೀಟರ್, ಅಷ್ಟೇ ಕಂಟ್ರೋಲ್! 1980ರಲ್ಲಿ ಜಪಾನಿನ ಫುಜಿವಾರಾ ತಂಡ, ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಮಕ್ಕಳ ಶ್ವಾಸಕೋಶಕ್ಕೆ ನೇರವಾಗಿ ಹಾಕಿ ದಾರಿ ತೋರಿಸಿತು.

ಎಲೆಕ್ಟ್ರಾನಿಕ್ಸ್ ಓದುವ ನನಗೆ ಇಷ್ಟವಾದ ಹೆಸರು ತಕುವೊ ಅಯೊಯಾಗಿ. ವೈದ್ಯರಲ್ಲ, ಜಪಾನಿನ ಎಂಜಿನಿಯರ್. ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಎಂದು ಬೆಳಕಿನಿಂದ ಅಳೆಯಲು ಹೊರಟಾಗ ನಾಡಿಮಿಡಿತದ ಏರಿಳಿತ ಸಿಗ್ನಲ್ಲನ್ನು ಕೆಡಿಸುತ್ತಿತ್ತು. ತೊಂದರೆ ಕೊಡುತ್ತಿದ್ದ ಆ ನಾಯ್ಸನ್ನೇ ಸಿಗ್ನಲ್ ಮಾಡಿಕೊಂಡು, 1970ರ ದಶಕದಲ್ಲಿ ಅವರು ಪಲ್ಸ್ ಆಕ್ಸಿಮೀಟರ್ ತತ್ವ ಕಂಡುಹಿಡಿದರು. ಕೋವಿಡ್‌ನಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡದ್ದು ಅದೇ. ನವಜಾತ ಶಿಶುಗಳಿಗೆ ಅದು ಕಣ್ಣು ಉಳಿಸುವ ಸಾಧನವೂ ಹೌದು. ಆಮ್ಲಜನಕ ಕಡಿಮೆಯಾದರೆ ಜೀವಕ್ಕೆ ಅಪಾಯ, ಹೆಚ್ಚಾದರೆ ಎಳೆಯ ಕಣ್ಣಿನ ರೆಟಿನಾಗೆ ಅಪಾಯ. 1940-50ರ ದಶಕದಲ್ಲಿ ಇನ್‌ಕ್ಯುಬೇಟರ್‌ನಲ್ಲಿ ಉಳಿದ ಎಷ್ಟೋ ಮಕ್ಕಳು ಇದೇ ಕಾರಣಕ್ಕೆ ದೃಷ್ಟಿ ಕಳೆದುಕೊಂಡರು. 1950ರಲ್ಲಿ ಆರು ವಾರ ಮೊದಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲಿ ಒಬ್ಬರು.

21 ವಾರದ ಮಗುವಿಗೆ ಇದೆಲ್ಲ ಇದ್ದರೂ ಸಾಲದು. ಉಸಿರಿನ ನಳಿಗೆ ಗಂಟಲಲ್ಲಿ ಹಿಡಿಸಬೇಕು. ಒಳವ್ಯಾಸ 2.5 ಮಿಲಿಮೀಟರ್‌ನ ನಳಿಗೆ ಹೋಗದಿದ್ದರೆ 2 ಮಿಲಿಮೀಟರ್‌ನದು ಬೇಕು. ಚರ್ಮ ಎಷ್ಟು ತೆಳುವೆಂದರೆ ಮೈಯ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೆ ಇನ್‌ಕ್ಯುಬೇಟರ್ ಒಳಗೆ ಮಲೆನಾಡಿನ ಮಳೆಗಾಲದಷ್ಟು ತೇವ ಇರಬೇಕು. ಹಗಲು ರಾತ್ರಿ ಕೂತು ನೋಡುವ ನರ್ಸ್‌ಗಳು ಬೇಕು. ‘ಶೇ 1’ ಎಂದು ನಾವು ಒಂದು ಉಸಿರಿನಲ್ಲಿ ಹೇಳುವ ಸಂಖ್ಯೆಯೊಳಗೆ ಅರ್ಧ ಮಿಲಿಮೀಟರ್‌ನ ವ್ಯತ್ಯಾಸವೂ ಇದೆ.

ಒಂದು ಸೇರು ರಾಗಿಯಷ್ಟು

ಈಗ ಇನ್ನೊಂದು ಕಾರಣ. ನಾನೂ ದಿನ ತುಂಬದೆ ಹುಟ್ಟಿದವಳು. 29ನೇ ವಾರ, 1,100 ಗ್ರಾಂ. ಕರ್ಟಿಸ್ ಮುಂದೆ ನಾನು ಭೀಮ! ಆದರೆ ಇಪ್ಪತ್ತು ವರ್ಷದ ಹಿಂದೆ, ದಾವಣಗೆರೆ ಸೀಮೆಯ ಒಂದು ಹಳ್ಳಿಯಿಂದ ಬಂದ ಮಗುವಿಗೆ ಅದೇನೂ ದೊಡ್ಡ ತೂಕವಾಗಿರಲಿಲ್ಲ. ‘ಒಂದು ಸೇರು ರಾಗಿಯಷ್ಟು ಇದ್ದೆ ಕಣೇ’ ಅಂತ ಅಜ್ಜಿ ಈಗಲೂ ಹೇಳುತ್ತಾರೆ.

ಅಮ್ಮನಿಗೆ ಏಳನೇ ತಿಂಗಳಿಗೆ ಬಿಪಿ ಏರಿತ್ತು. ಕಾಲು ಊದಿತ್ತು, ಕಣ್ಣು ಮಂಜಾಗುತ್ತಿತ್ತು. ಮನೆಯಲ್ಲಿ ‘ಬಸುರಿಗೆ ಕಾಲು ಊದದೆ ಇನ್ನೇನು’ ಅಂದರು. ಊರಿಗೆ ಬರುತ್ತಿದ್ದ ನರ್ಸಮ್ಮ ಮಾತ್ರ ಬಿಪಿ ನೋಡಿದವರೇ ‘ಇವತ್ತೇ ಹೊರಡಿ’ ಎಂದು ಗಾಡಿ ಮಾಡಿಸಿ ಕಳಿಸಿದರಂತೆ. ಮೊದಲು ಹೋದ ಆಸ್ಪತ್ರೆಯಲ್ಲಿ ವೈದ್ಯರು ಅಪ್ಪನನ್ನು ಪಕ್ಕಕ್ಕೆ ಕರೆದು ‘ತಾಯಿನ ಉಳಿಸ್ಕೊಳ್ಳೋಣ, ಮಗುವಿನ ಆಸೆ ಇಟ್ಕೋಬೇಡಿ’ ಎಂದರು. ಹುಟ್ಟಿದ ಮೇಲೆ ನೋಡಲು ಬಂದ ನೆಂಟರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ವಯಸ್ಸೇನು ಮೀರಿಲ್ಲ, ಇನ್ನೊಂದಾಗುತ್ತೆ ಬಿಡು. ಅದೂ ಹೆಣ್ಣು’ ಅಂದರಂತೆ. ಅವರ ಹೆಸರನ್ನು ಅಮ್ಮ ಇವತ್ತಿಗೂ ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ಅಪ್ಪ ನನ್ನನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ತಂದರು. ಅಲ್ಲಿ ಒಂದು ವಾರ್ಮರ್ ಮೇಲೆ ಇಬ್ಬರು ಮಕ್ಕಳು. ನಾಲ್ಕನೇ ದಿನಕ್ಕೆ ಅಲ್ಲಿನ ಒಬ್ಬ ಸಿಸ್ಟರ್ ಅಜ್ಜಿಯ ಹಳೆಯ ನೂಲಿನ ಸೀರೆ ಕೇಳಿದರು. ನನ್ನನ್ನು ಬರಿ ಮೈಯಲ್ಲಿ ಅಮ್ಮನ ಎದೆಗೆ ಒರಗಿಸಿ, ಆ ಸೀರೆಯಿಂದ ಸುತ್ತಿ ಕಟ್ಟಿದರು. ಅಮ್ಮನಿಗೆ ಸುಸ್ತಾದಾಗ ಅಜ್ಜಿಯ ಎದೆ. ರಾತ್ರಿ ಹೊತ್ತು, ಬೇರೆಯವರು ನೋಡದಿರಲಿ ಅಂತ ಶಾಲು ಹೊದ್ದು, ಅಪ್ಪನ ಎದೆ. ಹೀರಲು ಶಕ್ತಿ ಇರಲಿಲ್ಲವಾದ್ದರಿಂದ ಎದೆಹಾಲು ಹಿಂಡಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದರು. ಹೀಗೆ 41 ದಿನ.

ಅದನ್ನು ‘ಕಾಂಗರೂ ಆರೈಕೆ’ ಅನ್ನುತ್ತಾರೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಶುರು ಮಾಡಿದ್ದು ಇನ್‌ಕ್ಯುಬೇಟರ್‌ಗಳು ಸಾಲದೆ ಹೋದದ್ದಕ್ಕೆ. ಬಡವರ ಪರ್ಯಾಯ ಅಂತ ಶುರುವಾದದ್ದು ಈಗ ಎಲ್ಲರಿಗೂ ಒಳ್ಳೆಯದು ಅಂತ ಗೊತ್ತಾಗಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದರಿಂದ 1.8 ಕೆ.ಜಿ. ಒಳಗಿನ ಮಕ್ಕಳನ್ನು ಹುಟ್ಟಿದ ತಕ್ಷಣದಿಂದ ಹೀಗೆ ಎದೆಗೆ ಕಟ್ಟಿಕೊಂಡಾಗ ಮೊದಲ 28 ದಿನಗಳ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ಯಂತ್ರ ಅಲ್ಲ, ಔಷಧ ಅಲ್ಲ. ಒಂದು ಎದೆ, ಒಂದು ಸೀರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಮನೆಮನೆಗೆ ಮುಟ್ಟಿಸುವ ಸಂಶೋಧನಾ ಕಾರ್ಯಕ್ರಮ ನಡೆದಿದೆ.

ಅಂದಹಾಗೆ, ನಾನು ಉಳಿದದ್ದಕ್ಕೆ ಊರಿನವರ ವಿವರಣೆಯೇ ಬೇರೆ. ‘ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ.’ ಈ ಮಾತನ್ನು ನೀವೂ ಕೇಳಿರುತ್ತೀರಿ. ಇದು ಶುದ್ಧ ತಪ್ಪು. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಬಲ ಹೆಚ್ಚಿಸುತ್ತದೆ. ಎಂಟು ತಿಂಗಳ ಮಗು ಏಳರದಕ್ಕಿಂತ ಗಟ್ಟಿ. ಆದರೆ ಈ ಗಾದೆಯನ್ನು ನಂಬಿ ಎಂಟು ತಿಂಗಳಿಗೆ ಹುಟ್ಟಿದ ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ಯದೆ ಕೈಚೆಲ್ಲಿದರೆ ಗಾದೆ ನಿಜವಾಗಿಬಿಡುತ್ತದೆ. ನೋಡಿ, ಅಮೆರಿಕದ ಆಸ್ಪತ್ರೆಯಲ್ಲಿದ್ದ ಅದೇ ಲೂಪ್ ನಮ್ಮ ಹಳ್ಳಿಕಟ್ಟೆಯಲ್ಲೂ ಇದೆ.

ಬೆಂಗಳೂರಿಗೆ ಬಂದ ಮಲಗುಚೀಲ

ಆ ಲೂಪ್ ತುಂಡರಿಸಲು ಡಾಕ್ಟರೇ ಆಗಬೇಕಿಲ್ಲ ಎಂಬುದಕ್ಕೆ ಒಂದು ಉದಾಹರಣೆ ನಮ್ಮ ಬೆಂಗಳೂರಿನೊಂದಿಗೆ ಬೆಸೆದಿದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಿಕ್ಕಿದ ಅಸೈನ್‌ಮೆಂಟ್: ಸಾಮಾನ್ಯ ಇನ್‌ಕ್ಯುಬೇಟರ್ ಬೆಲೆಯ ಶೇ 1ಕ್ಕಿಂತ ಕಡಿಮೆ ಖರ್ಚಿನಲ್ಲಿ ಒಂದು ಇನ್‌ಕ್ಯುಬೇಟರ್ ಮಾಡಿ. ಇಲ್ಲೂ ಶೇಕಡಾ ಒಂದೇ! ತಂಡದಲ್ಲಿದ್ದವರು ಜೇನ್ ಚೆನ್, ಲೈನಸ್ ಲಿಯಾಂಗ್, ರಾಹುಲ್ ಪಣಿಕ್ಕರ್, ನಾಗಾನಂದ್ ಮೂರ್ತಿ. ಯಾರೂ ವೈದ್ಯರಲ್ಲ.

ತಂಡದವರು ನೇಪಾಳಕ್ಕೆ ಹೋಗಿ ನೋಡಿದರೆ ಕಠ್ಮಂಡುವಿನ ಆಸ್ಪತ್ರೆಯಲ್ಲಿ ದಾನ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು. ಮಕ್ಕಳು ಸಾಯುತ್ತಿದ್ದದ್ದು ಹಳ್ಳಿಯಲ್ಲಿ, ದಾರಿಯಲ್ಲಿ. ಹಾಗಾಗಿ ಅವರು ಅಗ್ಗದ ಪೆಟ್ಟಿಗೆ ಮಾಡುವುದನ್ನು ಬಿಟ್ಟು, ಮಗುವನ್ನು ಮಲಗಿಸುವ ಒಂದು ಚೀಲ ಮಾಡಿದರು. ಅದರೊಳಗೆ ಮೇಣದಂಥ ಪದಾರ್ಥದ ಒಂದು ಪೊಟ್ಟಣ. ಒಮ್ಮೆ ಕಾಯಿಸಿ ಕರಗಿಸಿದರೆ ಅದು ಗಟ್ಟಿಯಾಗುತ್ತಾ ಗಂಟೆಗಟ್ಟಲೆ ಮೈಶಾಖದಷ್ಟೇ, ಅಂದರೆ 37 ಡಿಗ್ರಿ, ಬೆಚ್ಚಗಿರುತ್ತದೆ. ನಾವು ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಗುಪ್ತೋಷ್ಣ. ಕರೆಂಟ್ ಹೋದರೂ ಮಗು ಬೆಚ್ಚಗೆ. ‘ಎಂಬ್ರೇಸ್’ ಎಂಬ ಹೆಸರಿನ ಈ ತಂಡ ಮುಂದೆ ಬೆಂಗಳೂರಿಗೇ ಬಂದು ನೆಲೆಸಿ ಕೆಲಸ ಮಾಡಿತು.

ಮಿನಿ ಪ್ರಾಜೆಕ್ಟ್‌ಗೆ ಏನು ಮಾಡುವುದು ಅಂತ ಯೂಟ್ಯೂಬ್ ತಡಕುವ ನಮ್ಮಂಥವರು ಒಮ್ಮೆ ಜಿಲ್ಲಾಸ್ಪತ್ರೆಯ ನವಜಾತ ಶಿಶು ವಿಭಾಗದ ಸಿಸ್ಟರ್ ಒಬ್ಬರನ್ನು ಕೇಳಿ ನೋಡಬಹುದು. ‘ನಿಮಗೆ ಯಾವ ಉಪಕರಣ ದಿನಾ ಕೈಕೊಡುತ್ತದೆ?’ ಎಂಬ ಒಂದು ಪ್ರಶ್ನೆ ಸಾಕು. ಬಯೋಮೆಡಿಕಲ್ ಉಪಕರಣಗಳ ದುರಸ್ತಿ, ನಿರ್ವಹಣೆ ಕೂಡ ಒಂದು ಉದ್ಯೋಗವೇ. ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳ ಗಲಾಟೆಯಲ್ಲಿ ನಾವು ಅದನ್ನು ಗಮನಿಸುವುದೇ ಇಲ್ಲ.

ಸಿ'ಏಷ್ಯಾಳನ್ನೂ ನೆನೆಯಬೇಕು

ಇಷ್ಟೆಲ್ಲ ಬರೆದ ಮೇಲೆ ‘ಹೋರಾಡಿದರೆ ಗೆಲುವು ಖಚಿತ’ ಅಂತ ಮುಗಿಸಿಬಿಡುವುದು ಸುಲಭ. ಅದು ಸುಳ್ಳಾಗುತ್ತದೆ. ಅದೇ ಹೊಟ್ಟೆ, ಅದೇ ಗಳಿಗೆ, ಅದೇ ಆಸ್ಪತ್ರೆ, ಅದೇ ವೈದ್ಯರು. ಅವಳಿಗಳಲ್ಲಿ ಒಬ್ಬ ಉಳಿದ, ಒಬ್ಬಳು ಉಳಿಯಲಿಲ್ಲ. ಸಿ'ಏಷ್ಯಾ ಹೋರಾಡಲಿಲ್ಲ ಅಂತ ಯಾರು ಹೇಳುತ್ತಾರೆ? ಅವಳಿಗೂ ಅವಕಾಶ ಸಿಕ್ಕಿತ್ತು. ದೇಹ ಸಾಥ್ ಕೊಡಲಿಲ್ಲ. ನನ್ನೊಡನೆ ಒಂದೇ ವಾರ್ಮರ್ ಮೇಲೆ ಮಲಗಿದ್ದ ಇನ್ನೊಂದು ಕೂಸು ಆರನೇ ದಿನ ಹೋಯಿತಂತೆ. ಅದರ ತಾಯಿಯನ್ನು ಅಮ್ಮ ಈಗಲೂ ನೆನೆಸಿಕೊಳ್ಳುತ್ತಾರೆ. ಅವರ ಪ್ರಾರ್ಥನೆಯಲ್ಲಿ ಕೊರತೆ ಇರಲಿಲ್ಲ.

ಪತ್ರಿಕೆಯಲ್ಲಿ ಬರುವುದು ಉಳಿದವರ ಫೋಟೊ. ‘ವೈದ್ಯರ ಲೆಕ್ಕ ಸುಳ್ಳಾಯಿತು’ ಅಂತ ನಾವು ತಲೆಬರಹ ಕೊಡುತ್ತೇವೆ. ನಿಜ ಹೇಳಬೇಕೆಂದರೆ ಲೆಕ್ಕ ಸುಳ್ಳಾಗಲಿಲ್ಲ. ನೂರಕ್ಕೆ ಒಂದು ಅಂದರೆ ನೂರರಲ್ಲಿ ಒಂದು ಮಗು ಬದುಕುತ್ತದೆ ಅಂತಲೇ. ಕರ್ಟಿಸ್ ಆ ಒಂದು. ಉಳಿದ ತೊಂಬತ್ತೊಂಬತ್ತು ಮನೆಗಳಲ್ಲಿ ಇವತ್ತಿಗೂ ಒಂದು ಖಾಲಿ ಜಾಗ ಇದೆ. ಮಗುವಿಗೆ ನೋವು ಕೊಡುವುದು ಬೇಡ, ಸಮಾಧಾನದಿಂದ ಹೋಗಲಿ ಅಂತ ನಿರ್ಧರಿಸಿದ ತಂದೆ-ತಾಯಿಯರದ್ದೂ ಪ್ರೀತಿಯೇ. ಅವರನ್ನು ಕರ್ಟಿಸ್‌ನ ಫೋಟೊ ತೋರಿಸಿ ಅಪರಾಧಿಗಳನ್ನಾಗಿ ಮಾಡುವ ಹಕ್ಕು ನಮಗಿಲ್ಲ.

ಹಾಗಾದರೆ ಈ ಕತೆಯಿಂದ ನಾವು ಏನು ತೆಗೆದುಕೊಳ್ಳಬೇಕು?

ನಮ್ಮ ವಯಸ್ಸಿನವರ ಬದುಕಿನಲ್ಲೂ ಶೇಕಡಾವಾರು ಲೆಕ್ಕ ಹೇಳುವವರಿಗೆ ಬರ ಇಲ್ಲ. ‘ಕನ್ನಡ ಮೀಡಿಯಂನವರಿಗೆ ಕೋರ್ ಕಂಪನಿಯಲ್ಲಿ ಚಾನ್ಸ್ ಇಲ್ಲ.’ ‘ಲಕ್ಷಗಟ್ಟಲೆ ಜನ ಕೆಪಿಎಸ್‌ಸಿ ಬರೀತಾರೆ, ನಿನ್ನದೇನು ಲೆಕ್ಕ.’ ‘ಬ್ಯಾಕ್‌ಲಾಗ್ ಇದ್ದವರಿಗೆ ಯಾರು ಕೆಲಸ ಕೊಡ್ತಾರೆ.’ ಇವುಗಳಲ್ಲಿ ಕೆಲವು ನಿಜವಾದ ಲೆಕ್ಕಗಳು. ಕೆಲವು ‘ಎಂಟು ತಿಂಗಳ ಕೂಸು ಉಳಿಯಲ್ಲ’ ಥರದ ಗಾದೆಗಳು. ಯಾವುದು ಯಾವುದು ಎಂದು ತಿಳಿಯಲು ಮೂರು ಪ್ರಶ್ನೆ ಸಾಕು ಅಂತ ನನಗನ್ನಿಸುತ್ತದೆ.

ಒಂದು, ಈ ಲೆಕ್ಕ ಯಾವ ಕಾಲದ್ದು? 1963ರದ್ದೋ, ಇವತ್ತಿನದೋ? ಎರಡು, ಇದು ಯಾರ ಲೆಕ್ಕ? ನನ್ನಂಥವರು ಅದರಲ್ಲಿ ಇದ್ದಾರೆಯೇ? ಮೂರನೆಯದೇ ಮುಖ್ಯ. ಇದರಲ್ಲಿ ಪ್ರಯತ್ನ ಮಾಡಿದವರು ಎಷ್ಟು, ಮಾಡದೆ ಬಿಟ್ಟವರು ಎಷ್ಟು? ಪರೀಕ್ಷೆಗೆ ಅರ್ಜಿ ಹಾಕಿದವರ ಸಂಖ್ಯೆಗೂ ಹಾಲ್‌ನಲ್ಲಿ ಬಂದು ಕೂತವರ ಸಂಖ್ಯೆಗೂ ಅಂತರ ಇದೆ. ಕೂತವರಿಗೂ ವರ್ಷವಿಡೀ ಓದಿ ಬಂದು ಕೂತವರಿಗೂ ಇನ್ನೂ ದೊಡ್ಡ ಅಂತರ ಇದೆ.

ಈ ಮೂರು ಪ್ರಶ್ನೆ ಕೇಳಿದ ಮೇಲೂ ಉತ್ತರ ‘ಶೇ 1’ ಅಂತಲೇ ಬರಬಹುದು. ಆಗ ಕಣ್ಣು ತೆರೆದುಕೊಂಡೇ ನಿರ್ಧರಿಸೋಣ. ಹೆಜ್ಜೆ ಇಟ್ಟರೂ ಸರಿ, ಬೇರೆ ದಾರಿ ಹಿಡಿದರೂ ಸರಿ, ನಿರ್ಧಾರ ನಮ್ಮದಾಗಿರಲಿ. ಆದರೆ ಇನ್ನೊಬ್ಬರ ಬದುಕಿನ ಬಗ್ಗೆ ಲೆಕ್ಕ ಹೇಳುವ ಸರದಿ ನಮ್ಮದಾದಾಗ, ಅದು ತಂಗಿಯ ಓದಿರಲಿ, ಗೆಳೆಯನ ಕೆಲಸವಿರಲಿ, ಪಕ್ಕದ ಮನೆಯ ಬಾಣಂತಿಯ ಕೂಸಿರಲಿ, ಒಂದು ಕ್ಷಣ ತಡೆಯೋಣ. ನಾವು ಆಡುವ ಮಾತೂ ಆ ಲೆಕ್ಕದೊಳಗೆ ಸೇರಿಬಿಡುತ್ತದೆ.